ಮೂರು ಕೆಂಪು ಚುಕ್ಕೆ

ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವುದು ಯಾರಿಗೆ ಬೇಕಾದರೂ ಬರುತ್ತದೆ. ಸರಿಯಾಗಿರುವುದನ್ನು ಸರಿಮಾಡಲು ಹೋಗಿ ಕೆಡಿಸುವುದಕ್ಕೆ ಮಾತ್ರ ನನ್ನ ಹಾಗೆ ಮೂವತ್ತು ವರ್ಷದ ಅನುಭವ ಬೇಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಅವರಾದರೂ ಮಣ್ಣಿನಲ್ಲಿ ಮಾಡಿದ್ದರು, ಕಲಸಿ ಮತ್ತೆ ಮಾಡಬಹುದಿತ್ತು. ನಾನು ಕೈಯಾಡಿಸಿದ್ದು ನಮ್ಮ ಮಾವನ ವಾದ್ಯದಲ್ಲಿ.

ಮಾವ ಅಂದರೆ ಅಪ್ಪನ ತಂಗಿಯ ಗಂಡ. ಈಗ ಎಪ್ಪತ್ತೆಂಟು. ಹರೆಯದಲ್ಲಿ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅವರಿಗೂ ಅತ್ತೆಗೂ ಮಕ್ಕಳಿಲ್ಲ. ನನ್ನನ್ನು ಮಗಳ ಹಾಗೆ ನೋಡಿಕೊಂಡರು ಅಂತ ಹೇಳಿದರೆ ನಮ್ಮಪ್ಪ ಅಮ್ಮನಿಗೆ ಅನ್ಯಾಯವಾದೀತು. ಆದರೆ ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದದ್ದು ಅವರ ಮನೆಗೇ.

ನಾನು ಹಳೆಯ ಸಿಂಥಸೈಜರ್‌ಗಳನ್ನು ರಿಪೇರಿ ಮಾಡುತ್ತೇನೆ. ಅಪ್ಪನ ರೇಡಿಯೋ ಅಂಗಡಿಯ ಹಿಂದಿನ ಕೋಣೆ, ಅಪ್ಪನದೇ ಬೆಂಚು. ಈ ವಾದ್ಯಗಳು ಕಂಪ್ಯೂಟರ್ ಮನೆಮನೆಗೆ ಬರುವುದಕ್ಕಿಂತ ಮುಂಚಿನವು. ಒಳಗೆ ರೆಕಾರ್ಡ್ ಮಾಡಿಟ್ಟ ಶಬ್ದ ಒಂದೂ ಇಲ್ಲ, ಕೀ ಒತ್ತಿದಾಗ ಕರೆಂಟೇ ನಡುಗಿ ಸ್ವರವಾಗಬೇಕು. ಆ ನಡುಕ ಹುಟ್ಟಿಸುವ ಭಾಗಕ್ಕೆ ಆಸಿಲೇಟರ್ ಅನ್ನುತ್ತೇವೆ. ಸೆಕೆಯಾದರೆ ಶ್ರುತಿ ಒಂದು ಕಡೆ ಜಾರುತ್ತದೆ, ಫ್ಯಾನ್ ಹಾಕಿದರೆ ಇನ್ನೊಂದು ಕಡೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ವಾದ್ಯಗಳು ಅಣ್ಣತಮ್ಮಂದಿರಿದ್ದ ಹಾಗೆ, ಮುಖ ಒಂದೇ, ಸ್ವಭಾವ ಬೇರೆ. ಇಂಥ ತಲೆನೋವಿನ ಯಂತ್ರಗಳಿಗೆ ಜನ ಯಾಕೆ ಪ್ರಾಣ ಬಿಡುತ್ತಾರೆ ಅಂತ ನಮ್ಮ ಯಜಮಾನರು ಆಗಾಗ ಕೇಳುತ್ತಾರೆ. ನಾನು ನಿಮ್ಮ ಜೊತೆ ಇಪ್ಪತ್ತೈದು ವರ್ಷ ಯಾಕಿದ್ದೇನೋ ಅದೇ ಕಾರಣಕ್ಕೆ ಅಂತ ಹೇಳುತ್ತೇನೆ.

ನನ್ನ ಬಳಿ ಬರುವವರು ಎರಡೇ ಜಾತಿ, ನುಡಿಸುವವರು ಮತ್ತು ಕೂಡಿಡುವವರು. ನುಡಿಸುವ ಹುಡುಗ ಹುಡುಗಿಯರ ಲ್ಯಾಪ್‌ಟಾಪಿನಲ್ಲಿ ಇದೇ ವಾದ್ಯಗಳ ನಕಲು ನೂರಾರು ಇರುತ್ತವೆ. ಆದರೂ ಬಂದು, ಬೆಂಚಿನ ಮೇಲಿನ ಅಸಲಿಯ ಒಂದು ಗುಂಡಿ ತಿರುಗಿಸಿ, ಮಾತು ನಿಲ್ಲಿಸಿಬಿಡುತ್ತಾರೆ. ಕೂಡಿಡುವವರಲ್ಲಿ ಹಿರಿಯನಿಗೆ ನಾನು ಹೊದಿಕೆ ಅಂತ ಹೆಸರಿಟ್ಟಿದ್ದೇನೆ. ಅವನ ಮನೆಯ ಮಹಡಿಯಲ್ಲಿ ಮೂವತ್ತಕ್ಕೂ ಹೆಚ್ಚು ವಾದ್ಯಗಳಿವೆ, ಒಂದೊಂದಕ್ಕೂ ಅಳತೆ ಕೊಟ್ಟು ಹೊಲಿಸಿದ ಹೊದಿಕೆ. ಬಿಳಿ ಕೈಗವಸು ಹಾಕಿ, ಪುಟ್ಟ ಟಾರ್ಚ್ ಹಿಡಿದು ಕ್ರಮಸಂಖ್ಯೆ ಓದುತ್ತಾನೆ. ಸ್ಕ್ರೂಗಳು ಕಾರ್ಖಾನೆಯದೇ ಹೌದೋ ಅಲ್ಲವೋ ಅಂತ ನೋಡುತ್ತಾನೆ.

"ಒಂದಾದ್ರೂ ನುಡಿಸ್ತೀರಾ?" ಅಂತ ನಾನೊಮ್ಮೆ ಕೇಳಿದ್ದೆ.

"ಅಯ್ಯೋ, ಕೀ ಸವೆದು ಹೋಗುತ್ತೆ!"

ನಗಬೇಡಿ. ಒಂದು ಭಾನುವಾರ ಮಧ್ಯಾಹ್ನ ಯಾವುದೋ ಬಿಡಿಭಾಗ ಕೊಡಲು ಹೋಗಿದ್ದೆ. ಮಹಡಿಯ ಬಾಗಿಲು ತೆರೆದಿತ್ತು. ಹೊದಿಕೆ ಒಂದು ವಾದ್ಯದ ಮುಸುಕು ತೆಗೆದು, ಒಂದೇ ಒಂದು ಕೀ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಹತ್ತು ನಿಮಿಷವಾದರೂ ಬೆರಳು ಎತ್ತಲಿಲ್ಲ. ನನ್ನನ್ನು ಕಂಡು ನಾಚಿಕೊಂಡು, "ಇದು ನಿನ್ನೆ ಇದ್ದ ಹಾಗೆ ಇವತ್ತಿಲ್ಲ ನೋಡಿ. ಅದಕ್ಕೇ ದಿನಾ ವಿಚಾರಿಸ್ಕೋತೀನಿ," ಅಂದ. ಅವತ್ತಿನಿಂದ ಅವನನ್ನು ತಮಾಷೆ ಮಾಡುವುದು ಸ್ವಲ್ಪ ಕಡಿಮೆ ಮಾಡಿದೆ.

ಈ ಹೊದಿಕೆ ಹನ್ನೆರಡು ವರ್ಷದಿಂದ ಕಣ್ಣಿಟ್ಟಿದ್ದದ್ದು ಮಾವನ ವಾದ್ಯದ ಮೇಲೆ. ಅದನ್ನು ಮಾಡಿದ ಕಂಪನಿ ಇನ್ನೂರು ಮುನ್ನೂರು ವಾದ್ಯ ಮಾಡುವುದರೊಳಗೆ ಬಾಗಿಲು ಹಾಕಿತ್ತು. ಮಾವ ಅದನ್ನು ತಂದು ನಲವತ್ತು ವರ್ಷದ ಮೇಲಾಯಿತು. ಕೆಳಗಿನ ಸ್ವರಗಳು ಬೇರೆ ಯಾವುದೇ ವಾದ್ಯದ ಹಾಗೇ ಇದ್ದವು. ಮೇಲೆ ಮೇಲೆ ಹೋದಂತೆ ಸ್ವರ ಸಣ್ಣಗೆ ಬಿಚ್ಚಿಕೊಳ್ಳುತ್ತಿತ್ತು. ಅಳು ಬಂದರೂ ತಡೆದುಕೊಂಡು ಮಾತಾಡುವವರ ದನಿ ಇರುತ್ತದಲ್ಲ, ಹಾಗೆ. ಆ ಕಾಲದಲ್ಲಿ ಆ ಒಂದು ಶಬ್ದಕ್ಕಾಗಿಯೇ ಮಾವನಿಗೆ ಕರೆ ಬರುತ್ತಿತ್ತು. ಅದು ಹೇಗೆ ಬರುತ್ತೆ ಅಂತ ಯಾರು ಕೇಳಿದರೂ, "ಅದರ ಮೂಡು," ಅನ್ನುತ್ತಿದ್ದರು. ಪಕ್ಕದಲ್ಲಿದ್ದ ಅತ್ತೆ ತಮ್ಮ ಉಗುರು ನೋಡಿಕೊಂಡು ನಗುತ್ತಿದ್ದರು. ಯಾಕೆ ನಗುತ್ತಾರೆ ಅಂತ ನಾನು ಯಾವತ್ತೂ ಕೇಳಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಆ ವಾದ್ಯದ ಮುಂದೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾವ ಒಂದು ಆಟ ಕಲಿಸಿದರು. ಎರಡು ಆಸಿಲೇಟರ್‌ಗಳನ್ನು ಹತ್ತಿರ ಹತ್ತಿರದ ಶ್ರುತಿಗೆ ಇಟ್ಟು ಕೀ ಒತ್ತುತ್ತಿದ್ದರು. ಆಗ ಶಬ್ದ ಅಲೆಅಲೆಯಾಗಿ ಏಳುತ್ತದೆ, ಬೀಳುತ್ತದೆ. "ಎಷ್ಟು ಅಲೆ? ಎಣಿಸು." ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಶ್ರುತಿ ಕೂಡಿದಷ್ಟೂ ಅಲೆ ನಿಧಾನ, ಪೂರ್ತಿ ಕೂಡಿದರೆ ಅಲೆಯೇ ಇಲ್ಲ. "ಮೀಟರ್ ಸುಳ್ಳು ಹೇಳಬಹುದು, ಕಿವಿ ಹೇಳಲ್ಲ," ಅನ್ನುವುದು ಅವರ ಮಾತು. ನನ್ನ ಹೊಟ್ಟೆಪಾಡು ನಡೆದಿರುವುದೇ ಆ ಆಟದ ಮೇಲೆ.

ಪ್ರತಿ ಸಂಜೆ ಐದಕ್ಕೆ ಮಾವ ವಾದ್ಯದ ಸ್ವಿಚ್ ಹಾಕುತ್ತಿದ್ದರು. ಒಳಗೆಲ್ಲ ಬೆಚ್ಚಗಾಗಿ ಶ್ರುತಿ ನೆಲೆ ನಿಲ್ಲಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕಾಫಿ, ಪೇಪರ್. ಆಮೇಲೆ ಅರ್ಧ ಗಂಟೆ ನುಡಿಸುವುದು. ಅತ್ತೆ ಅಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. "ನನಗೆ ಸಂಗೀತ ಗಿಂಗೀತ ತಲೆಗೆ ಹತ್ತಲ್ಲ. ಅದು ಕೇಳಿಸ್ತಿದ್ರೆ ಇವರು ಮನೇಲಿದ್ದಾರೆ ಅಂತ ಗೊತ್ತಾಗುತ್ತೆ, ಅಷ್ಟೇ," ಅನ್ನುತ್ತಿದ್ದರು.

ಕಳೆದ ವರ್ಷ ಒಂದು ಕೀ ಮೂಕವಾಯಿತು. ಮಾವ ತಾವೇ ವಾದ್ಯವನ್ನು ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತಂದರು. ಅಷ್ಟು ವರ್ಷಗಳಲ್ಲಿ ಅದನ್ನು ಬಿಚ್ಚಲು ಯಾರಿಗೂ ಕೊಟ್ಟವರಲ್ಲ, ಕೆಟ್ಟಾಗೆಲ್ಲ ತಾವೇ ಬಿಚ್ಚುತ್ತಿದ್ದರು. ಈಗ ಬೆರಳು ನಡುಗುತ್ತದೆ, ಇಪ್ಪತ್ತೆರಡು ಸ್ಕ್ರೂ ತೆಗೆಯುವುದು ಆಗದು.

"ಆ ಒಂದು ಕೀ ಮಾತ್ರ. ಬೇರೆ ಏನನ್ನೂ ಮುಟ್ಟಬೇಡ," ಅಂದರು.

"ಸರಿ ಮಾವ."

"ಕೇಳಿಸ್ತಾ?"

"ಕೇಳಿಸ್ತು ಮಾವ. ನಾನೇನು ಇವತ್ತು ಕೆಲಸ ಕಲೀತಿದ್ದೀನಾ?"

ಕೀಯ ರಿಪೇರಿ ಹತ್ತು ನಿಮಿಷದ ಕೆಲಸ. ಒಳಗಿನ ತಂತಿ ಬಾಗಿತ್ತು, ನೇರ ಮಾಡಿ ಒರೆಸಿದೆ. ಅಲ್ಲಿಗೇ ಮುಚ್ಚಳ ಹಾಕಿ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಆದರೆ ನಲವತ್ತು ವರ್ಷದಿಂದ ಹೊರಗಿನಿಂದ ಮಾತ್ರ ಕಂಡಿದ್ದ ವಾದ್ಯದ ಒಡಲು ಕಣ್ಣಮುಂದೆ ತೆರೆದಿತ್ತು. ನೋಡುತ್ತಾ ನಿಂತೆ. ಆಸಿಲೇಟರ್‌ಗಳ ಹಲಗೆಯ ಮೇಲೆ ಮೂರು ಟ್ರಿಮ್ಮರ್‌ಗಳು, ಅಂದರೆ ಒಳಗಿನಿಂದ ಶ್ರುತಿ ಕೂಡಿಸುವ ಪುಟ್ಟ ತಿರುಪುಗಳು. ಅವು ಅಲುಗಾಡದಿರಲಿ ಅಂತ ಕಾರ್ಖಾನೆಯವರು ಹಸಿರು ಅರಗು ಹಾಕಿರುತ್ತಾರೆ. ಇಲ್ಲಿ ಹಸಿರು ಇರಲಿಲ್ಲ. ಮೂರರ ಮೇಲೂ ದಪ್ಪನೆ ಕೆಂಪು ಚುಕ್ಕೆ ಇತ್ತು.

ಆಗಲೇ ಹೊದಿಕೆ ಬಂದ. ಮಾವನ ವಾದ್ಯ ನನ್ನ ಬೆಂಚಿನ ಮೇಲಿದೆ ಅಂತ ಅವನಿಗೆ ಯಾರು ಹೇಳಿದರೋ. ಟಾರ್ಚ್ ಹಾಕಿ ಬಗ್ಗಿ ನೋಡಿದವನು, "ಛೆ ಛೆ! ಯಾವನೋ ಉಗುರುಬಣ್ಣ ಬಳಿದಿದ್ದಾನಲ್ಲ! ಇಂಥ ಕೈಗೆಲಸ ನಿಮ್ಮ ಅಂಗಡೀಲಿ ನೋಡ್ತೀನಿ ಅಂದ್ಕೊಂಡಿರಲಿಲ್ಲ," ಅಂದ.

"ನಾನು ಬಳಿದದ್ದಲ್ಲ," ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಅಲ್ಲ, ಹಾಗೇ ಬಿಟ್ಟಿದ್ದೀರಲ್ಲ."

ಆ ಮಾತು ಚುಚ್ಚಿತು. ಅವನು ಹೋದ ಮೇಲೆ ವಾದ್ಯಕ್ಕೆ ಶ್ರುತಿ ಅಳೆಯುವ ಮೀಟರ್ ಹಚ್ಚಿದೆ. ಕೆಳಗಿನ ಸ್ವರಗಳು ಸರಿಯಿದ್ದವು. ಮೇಲೆ ಹೋದಂತೆ ಮೂರು ಆಸಿಲೇಟರ್‌ಗಳು ಮೂರು ದಾರಿ ಹಿಡಿದಿದ್ದವು. ಅಯ್ಯೋ ಪಾಪ, ಮಾವ ಇಷ್ಟು ವರ್ಷ ಶ್ರುತಿ ತಪ್ಪಿದ ವಾದ್ಯದಲ್ಲಿ ನುಡಿಸಿದ್ದಾರಲ್ಲ, ಯಾರೋ ಹಳೇ ಮೆಕ್ಯಾನಿಕ್ ಕೆಡಿಸಿ ಉಗುರುಬಣ್ಣ ಮೆತ್ತಿ ಕಳಿಸಿದ್ದಾನೆ ಅಂದುಕೊಂಡೆ. ಬೇರೆ ಯಾರಿಗೂ ಬಿಚ್ಚಲು ಕೊಟ್ಟವರಲ್ಲ ಅನ್ನುವುದು ನನಗೆ ಗೊತ್ತಿದ್ದ ವಿಷಯವೇ. ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಬಂದಿದ್ದರೂ ನನ್ನ ಜಂಬ ಅದಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. ಹತ್ತಿಗೆ ಬಣ್ಣ ಕರಗಿಸುವ ಅಸಿಟೋನ್ ಹಚ್ಚಿ ಒರೆಸಿದೆ, ಉಳಿದದ್ದನ್ನು ಸೂಜಿಯಲ್ಲಿ ಕೆರೆದೆ. ಕಂಪನಿಯ ಪುಸ್ತಕದಲ್ಲಿರುವ ಹಾಗೆ ಮೂರು ತಿರುಪುಗಳನ್ನೂ ಕೂಡಿಸಿದೆ. ಮೀಟರಿನ ಮುಳ್ಳು ಕೆಳಗಿನಿಂದ ಮೇಲಿನವರೆಗೂ ಸೊನ್ನೆಯಲ್ಲಿ ನಿಂತಿತು.

ಮೇಲಿನ ಸ್ವರ ಒತ್ತಿ ನೋಡಿದೆ. ತೊಳೆದಿಟ್ಟ ಗಾಜಿನ ಹಾಗೆ ಚೊಕ್ಕಟವಾಗಿತ್ತು, ಅಷ್ಟೇ. ಏನೋ ಹೋಗಿದೆ ಅಂತ ನನ್ನ ಕಿವಿಗೆ ಆಗಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ, ಇರುವುದೇ ಸಾಕು. ಮುಳ್ಳು ಸೊನ್ನೆ ತೋರಿಸುತ್ತಿತ್ತು, ನಾನು ಮುಚ್ಚಳ ಹಾಕಿದೆ.

ಮರುದಿನ ನಾನೇ ವಾದ್ಯ ತಲುಪಿಸಿದೆ. ಮಾವ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಕೂತು, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋದರು. ಮೇಲೆ ನಿಂತರು. ಮತ್ತೆ ಕೆಳಗೆ ಬಂದು, ಮತ್ತೆ ಮೇಲೆ ಹೋದರು. ಬಲಗಿವಿಯನ್ನು ಅಂಗೈಯಿಂದ ಉಜ್ಜಿಕೊಂಡರು.

"ನಿನಗೆ ಕೇಳಿಸ್ತಾ ಇದೆಯಾ? ಮೇಲಿನದು?"

"ಹ್ಞಾ... ಕೇಳಿಸ್ತಿದೆ. ಚೆನ್ನಾಗಿದೆ ಮಾವ."

"ಬೇರೆ ಏನೂ ಮುಟ್ಟಿಲ್ಲ ತಾನೇ?"

ಅವರು ಹಾಗೆ ಕೇಳಿದ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಚುಕ್ಕೆಗಳು ಅವರವು. ಮೂಡೂ ಇಲ್ಲ ಮಣ್ಣೂ ಇಲ್ಲ, ಆ ಶಬ್ದವನ್ನು ಅವರೇ ಹುಡುಕಿ, ಅಲ್ಲೇ ನಿಲ್ಲಿಸಿ, ಮುದ್ರೆ ಒತ್ತಿದ್ದರು. ನಾನು ಅದನ್ನು ಹತ್ತಿಯಿಂದ ಒರೆಸಿ ಕಸದ ಬುಟ್ಟಿಗೆ ಹಾಕಿದ್ದೆ. ಒಂದೇ ವಾಕ್ಯ ಹೇಳಬೇಕಿತ್ತು. ಊರಿನವರ ಎದುರು ನಾನು ಐವತ್ತರ ಹೆಂಗಸು, ಈ ಕೆಲಸದಲ್ಲಿ ನನ್ನ ಬಿಟ್ಟರಿಲ್ಲ ಅಂತ ಹೆಸರು. ಮಾವನ ಎದುರು ಮಾತ್ರ ಇನ್ನೂ ಎಂಟು ವರ್ಷದವಳು. ಲೋಟ ಒಡೆದ ಮಗು ಏನು ಹೇಳುತ್ತದೋ ಅದನ್ನೇ ಹೇಳಿದೆ.

"ಇಲ್ಲ ಮಾವ."

ಅವರು ನನ್ನ ಮುಖವನ್ನೂ ನೋಡಲಿಲ್ಲ. ನೋಡಬೇಕು ಅಂತಲೇ ಅನಿಸಿರಲಿಕ್ಕಿಲ್ಲ. "ಹಾಗಾದ್ರೆ ನನ್ನ ಕಿವಿಗೇ ವಯಸ್ಸಾಯ್ತು," ಅಂದು ಸ್ವಿಚ್ ಆರಿಸಿದರು.

ಆಮೇಲಿನದು ತಾನಾಗಿ ನಡೆಯಿತು. ಕಿವಿ ಡಾಕ್ಟರ ಬಳಿ ಹೋದರು. ಎಪ್ಪತ್ತೈದು ದಾಟಿದವರನ್ನು ಕಿವಿ ಡಾಕ್ಟರ ಮುಂದೆ ಕೂರಿಸಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಈ ವಯಸ್ಸಿಗೆ ಮೇಲಿನ ಶಬ್ದಗಳು ಮೊದಲು ಹೋಗುತ್ತವೆ ಅಂದರಂತೆ. ಮಾವ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದರು. ಒಂದು ವಾರ ಬಿಟ್ಟು ಹೋದಾಗ, "ಕಾಗೆ ಕೂಗೋದು ಕೇಳುತ್ತೆ, ನಿಮ್ಮತ್ತೆ ಲೋಟ ಕುಕ್ಕೋದು ಕೇಳುತ್ತೆ, ಪಕ್ಕದ ಮನೆ ಜಗಳ ಪೂರ್ತಿ ಕೇಳುತ್ತೆ. ಅದೊಂದು ಮಾತ್ರ ಕೇಳಲ್ಲ," ಅಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ವಾರ ಪ್ರಯತ್ನಪಟ್ಟು ಮಾವ ನುಡಿಸುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಅತ್ತೆಯ ಅಡುಗೆಮನೆಯಲ್ಲಿ ಚಹಾ ಕುದಿಯುವುದನ್ನು ನೋಡುತ್ತಾ ನಿಂತಿದ್ದೆ.

"ಐದು ಗಂಟೆ ಆದ್ರೆ ಕುರ್ಚಿ ಎಳ್ಕೊಂಡು ಅದರ ಮುಂದೆ ಕೂತಿರ್ತಾರೆ. ಸ್ವಿಚ್ ಹಾಕಲ್ಲ. ಬಟ್ಟೆ ಮಡಚೋಕೆ ನನಗೂ ಬೇಜಾರು, ಕುರ್ಚಿ ಮೇಲೆ ಹಾಗೇ ರಾಶಿ ಬಿದ್ದಿರುತ್ತೆ," ಅಂದರು ಅತ್ತೆ. ಆಮೇಲೆ ತಮ್ಮಷ್ಟಕ್ಕೇ ಅಂದುಕೊಂಡವರ ಹಾಗೆ, "ಆ ಶಬ್ದಕ್ಕೆ ನನ್ನ ಉಗುರುಬಣ್ಣ ಹೋಯ್ತು ಗೊತ್ತಾ? ವಾದ್ಯ ತಂದ ಹೊಸದು. ಮೂರು ದಿನ ಒಳಗೆ ಏನೋ ತಿರುಗಿಸ್ತಾ ಕೂತಿದ್ರು, ಊಟ ಇಲ್ಲ ಸ್ನಾನ ಇಲ್ಲ. ನಾಲ್ಕನೇ ದಿನ ಓಡಿ ಬಂದು, ನಿನ್ನ ಕೆಂಪು ಶೀಶೆ ಕೊಡು, ಇದು ಇಲ್ಲೇ ನಿಲ್ಲಬೇಕು ಅಂದ್ರು. ಇದ್ದದ್ದೊಂದೇ ಶೀಶೆ! ನನ್ನ ತಮ್ಮನ ಮದುವೆಗೆ ಅಂತ ಇಟ್ಕೊಂಡಿದ್ದೆ. ಬರಿ ಉಗುರಲ್ಲೇ ಹೋದೆ," ಅಂತ ನಕ್ಕರು.

ಚಹಾ ಉಕ್ಕಿತು. ಒಲೆ ಆರಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಹೇಳಿಬಿಡು ಅಂತ ಒಳಗಿನಿಂದ ಯಾರೋ ಕಿರುಚುತ್ತಿದ್ದರು. ನಾನು ಬಟ್ಟೆ ತೆಗೆದುಕೊಂಡು ಒಲೆ ಒರೆಸಿದೆ, ಆಗಲೇ ಒರೆಸಿದ್ದ ಜಾಗವನ್ನೂ ಒರೆಸಿದೆ.

ಹೇಳದೆಯೇ ಸರಿಮಾಡಿಬಿಡಬೇಕು ಅನ್ನುವ ಹಟ ಹುಟ್ಟಿತು. ಇನ್ನೊಮ್ಮೆ ಪರೀಕ್ಷೆ ಮಾಡ್ತೀನಿ ಅಂತ ವಾದ್ಯವನ್ನು ಅಂಗಡಿಗೆ ತಂದೆ. ಮಾವ ಹಿಂದೆ ನುಡಿಸಿದ್ದ ಕ್ಯಾಸೆಟ್‌ಗಳನ್ನು ಹುಡುಕಿ ತಂದು, ಅವನ್ನು ಕೇಳುತ್ತಾ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುವುದು. ಆದರೆ ಹಳೇ ಟೇಪು ತಾನೇ ಓಲಾಡುತ್ತದೆ, ಒಂದು ಕ್ಯಾಸೆಟ್ಟಿನಲ್ಲಿದ್ದ ಹಾಗೆ ಇನ್ನೊಂದರಲ್ಲಿಲ್ಲ. ಒಂದು ತಿರುಪು ಸರಿಹೋಯಿತು ಅಂದರೆ ಇನ್ನೊಂದು ಎಲ್ಲಿಗೋ ಹೋಗಿರುತ್ತಿತ್ತು. ಎರಡು ತಿಂಗಳು ದಿನವೂ ಕೂತೆ. ಇದಲ್ಲ, ಇದೂ ಅಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಯಾವುದು ಹೌದು ಅಂತ ಹೇಳಬಲ್ಲ ಕಿವಿ ಲೋಕದಲ್ಲಿ ಒಂದೇ ಇತ್ತು, ಅದು ಕೆಟ್ಟಿದೆ ಅಂತ ನಾನೇ ನಂಬಿಸಿದ್ದೆ.

ಕೊನೆಗೆ ಅಂಗಡಿಗೆ ಮಾವನನ್ನೇ ಕರೆಸಿದೆ. "ಸುಮ್ಮನೆ ಕೂತು ಕೇಳಿ ಮಾವ. ನಾನು ಸ್ವಲ್ಪ ಆಚೆ ಈಚೆ ಮಾಡ್ತೀನಿ, ಇದು ಹತ್ತಿರ, ಇದು ದೂರ ಅಂತ ಹೇಳಿ ಸಾಕು," ಅಂದೆ. ಅವರು ಕೂತರು. ನಾನು ಸ್ವರ ಒತ್ತಿದೆ. ಅವರು ಮುಂದಕ್ಕೆ ಬಾಗಿ ಮೀಟರ್ ನೋಡಿದರು.

"ಎಷ್ಟು ತೋರಿಸುತ್ತೆ?"

"ಮೀಟರ್ ಬಿಡಿ ಮಾವ. ನಿಮಗೆ ಹೇಗೆ ಕೇಳಿಸುತ್ತೆ?"

"ನನ್ನ ಕಿವಿ ಏನು ಮಾಡ್ತೀಯ? ಸೊನ್ನೆಗೆ ಇಡು. ಮೀಟರ್ ಸುಳ್ಳು ಹೇಳಲ್ಲ."

ಯಾರ ಬಾಯಲ್ಲಿ ಯಾವ ಮಾತು! ನನಗೆ ಇನ್ನೇನೂ ಮಾಡಲು ತೋಚಲಿಲ್ಲ. ಅವರು ಹೇಳಿದ ಹಾಗೆ ಸೊನ್ನೆಗೆ ಇಟ್ಟು, ಕಂಬಳಿ ಸುತ್ತಿ, ಅವರ ಜೊತೆಗೇ ಆಟೋ ಹತ್ತಿಸಿ ಕಳಿಸಿದೆ. ಊಟ ಸೇರುತ್ತಿರಲಿಲ್ಲ. ನಮ್ಮ ಯಜಮಾನರು ಏನಾಯ್ತೇ ಅಂತ ಕೇಳಿದಾಗ ಅಸಿಡಿಟಿ ಅಂದೆ. ಪಾಪ, ಗುಳಿಗೆ ತಂದುಕೊಟ್ಟರು, ಅದನ್ನೂ ನುಂಗಿದೆ.

ಹೀಗೆ ಏಳು ತಿಂಗಳಾದವು. ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. "ನಿಮ್ಮ ಮಾವ ವಾದ್ಯ ಕೊಟ್ಟುಬಿಡ್ತಾರಂತೆ. ಆ ಕೈಗವಸಿನವನು ಬರ್ತಿದ್ದಾನೆ. ನೀನೂ ಬಾ, ನಿನ್ನ ಎದುರಿಗೇ ಆಗಲಿ ಅಂದ್ರು."

ನಾನು ಹೋಗುವಷ್ಟರಲ್ಲಿ ಹೊದಿಕೆ ಬಂದು ಕೂತಿದ್ದ. ಪಕ್ಕದಲ್ಲಿ ಹೊಸ ಹೊದಿಕೆ, ಕಡುನೀಲಿ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು. ಎಷ್ಟು ವರ್ಷದ ಹಿಂದೆ ಹೊಲಿಸಿಟ್ಟಿದ್ದನೋ. ಮಾವ ಕುರ್ಚಿಯಲ್ಲಿ ಕೂತು ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತಿದ್ದರು.

"ತಗೊಂಡು ಹೋಗಿ ಮುಚ್ಚಿಡಬೇಡಿ. ಆಗಾಗ ಸ್ವಿಚ್ ಹಾಕಿ," ಅಂದರು.

"ದಿನಾ ಹಾಕ್ತೀನಿ ಸರ್. ನಿಮ್ಮ ಆ ಶಬ್ದಕ್ಕೆ ಅಂತಲೇ ತಾನೇ ಹನ್ನೆರಡು ವರ್ಷ ಕಾದಿದ್ದು," ಅಂದ ಹೊದಿಕೆ. ಆಮೇಲೆ ಸಂಕೋಚದಿಂದ, "ಒಂದ್ಸಲ ಒಳಗೆ ನೋಡಬಹುದಾ?" ಅಂತ ಕೇಳಿದ. ಮಾವ ಕೈಯಾಡಿಸಿ ಒಪ್ಪಿಗೆ ಕೊಟ್ಟರು.

ಅವನು ಸ್ಕ್ರೂ ತೆಗೆಯತೊಡಗಿದ. ತೆಗೆದದ್ದನ್ನು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾ ಹೋದ. ಒಂದು, ಎರಡು, ಐದು. ಒಳಗೆ ಅವನ ಟಾರ್ಚ್ ಬಿದ್ದ ಕೂಡಲೇ ಅವನ ಬಾಯಿಂದ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು. ಅವತ್ತಿನ ಉಗುರುಬಣ್ಣ ತೆಗೆಸಿಬಿಟ್ರಾ, ಒಳ್ಳೇದಾಯ್ತು ಅನ್ನುತ್ತಾನೆ. ಹತ್ತನೇ ಸ್ಕ್ರೂ ಬಟ್ಟೆಯ ಮೇಲೆ ಬಿತ್ತು.

"ಮಾವ, ನಾನು ಸುಳ್ಳು ಹೇಳಿದೆ," ಅಂದೆ.

ಎಲ್ಲ ಹೇಳಿದೆ. ಚುಕ್ಕೆ ಒರೆಸಿದ್ದು, ಮೀಟರಿಗೆ ಕೂಡಿಸಿದ್ದು, ಮುಟ್ಟಿಲ್ಲ ಅಂದದ್ದು, ಕಿವಿ ಡಾಕ್ಟರ ಬಳಿ ಹೋಗುವಾಗ ಸುಮ್ಮನಿದ್ದದ್ದು, ಬೆಂಚಿನ ಮುಂದೆ ಕೂರಿಸಿ ಮತ್ತೆ ಮೋಸ ಮಾಡಲು ನೋಡಿದ್ದು. ನಾನಾಗಿ ಹೇಳಿದೆನೋ, ಸಿಕ್ಕಿಬೀಳುವ ಹೆದರಿಕೆಗೆ ಹೇಳಿದೆನೋ, ನನಗೆ ಇವತ್ತಿಗೂ ತಿಳಿಯದು. ಹನ್ನೊಂದನೇ ಸ್ಕ್ರೂ ಹೊದಿಕೆಯ ಕೈಯಲ್ಲೇ ಇತ್ತು.

ಮಾವ ಕಿವಿಯಿಂದ ಯಂತ್ರ ತೆಗೆದು ವಾದ್ಯದ ಮೇಲಿಟ್ಟರು.

"ಹಾಗಾದ್ರೆ ನನ್ನ ಕಿವಿ ಸರಿ ಇದೆಯಾ?"

"ಸರಿ ಇದೆ ಮಾವ. ಅವತ್ತು ನಿಮಗೆ ಕೇಳಿಸಿದ್ದೇ ಸರಿ."

"ಕೇಳಿದ್ಯಾ?" ಅಂದರು ಅತ್ತೆಯ ಕಡೆ ತಿರುಗಿ. "ನನ್ನ ಕಿವಿ ಸರಿ ಇದೆಯಂತೆ!" ನಗಲು ಶುರುಮಾಡಿದರು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಅತ್ತೆ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಾ ನಿಂತಿದ್ದರು.

"ಏಳು ತಿಂಗಳಲ್ವಾ?" ಅಂದರು ಮಾವ, ನಗು ಇಳಿದ ಮೇಲೆ.

"ಹೌದು."

"ತಿರುಪು ತಿರುಗಿಸಿದ್ದು ಐದು ನಿಮಿಷದ ತಪ್ಪು. ಅದಕ್ಕೆ ಅವತ್ತೇ ಬೈದು ಮರೀತಿದ್ದೆ." ಮುಂದಿನದನ್ನು ಅವರು ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊದಿಕೆ ಎದ್ದು ನೀಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ. "ಸರ್, ಅವತ್ತು ಛೆ ಛೆ ಅಂದವನು ನಾನು. ನನಗೂ ಗೊತ್ತಾಗಲಿಲ್ಲ," ಅಂದ. "ಇದು ಇಲ್ಲೇ ಇರಲಿ. ಶಬ್ದ ಸಿಕ್ಕಿದ್ರೆ ಒಂದ್ಸಲ ಕರೀರಿ, ಬಂದು ಕೇಳಿಕೊಂಡು ಹೋಗ್ತೀನಿ." ಬಿಚ್ಚಿದ ಹನ್ನೊಂದು ಸ್ಕ್ರೂಗಳಿಗೆ ಕಾಗದದ ಪೊಟ್ಟಣ ಕಟ್ಟಿ ಮೇಜಿನ ಮೇಲಿಟ್ಟು ಹೋದ.

"ಉಳಿದ ಸ್ಕ್ರೂ ತೆಗಿ," ಅಂದರು ಮಾವ ನನಗೆ.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೊರಟರು. ನಾನು ಮುಚ್ಚಳ ತೆಗೆದು, ಸ್ವಿಚ್ ಹಾಕಿ, ಬೆಚ್ಚಗಾಗಲಿ ಅಂತ ಕಾದೆ. ಆಮೇಲೆ ಮಾವ ಮೇಲಿನ ಸ್ವರಗಳನ್ನು ಒಂದೊಂದಾಗಿ ಒತ್ತುತ್ತಾ, ನಾನು ತಿರುಪು ತಿರುಗಿಸುತ್ತಾ ಹೋದೆವು. "ಎಡಕ್ಕೆ. ಇನ್ನೂ. ಜಾಸ್ತಿ ಆಯ್ತು. ಎರಡನೇದು ಒಂಚೂರು ಇಳಿಸು. ಹಾಗೇ." ಏಳು ತಿಂಗಳು ನುಡಿಸದ ಬೆರಳು ಕೀಯಿಂದ ಜಾರುತ್ತಿತ್ತು. ದನಿಯಲ್ಲಿ ಮಾತ್ರ ಹಳೇ ಅಧಿಕಾರ ಮರಳಿ ಬರುತ್ತಿತ್ತು, ಅದನ್ನು ಕೇಳಿ ನನ್ನ ಎದೆ ಸ್ವಲ್ಪ ಹಗುರಾಯಿತು. ಒಂದು ಗಂಟೆಯಾದ ಮೇಲೆ ಕೈ ಎತ್ತಿದರು.

"ನಿಲ್ಲಿಸು. ಇದೇ."

ನಾನು ಕೇಳಿದೆ. ಹತ್ತಿರವಿತ್ತು. ಆದರೆ ಅದಲ್ಲ.

ಮಾವನ ಮುಖದಲ್ಲಿ ಎಂಥ ಸಂತೋಷ! "ಇದೇ ಅಲ್ವಾ? ನೀನೇ ಹೇಳು, ಚಿಕ್ಕವಳಿಂದ ಕೇಳಿದ್ದೀಯ."

ಹೌದು ಅಂದರೆ ಮತ್ತೊಂದು ಸುಳ್ಳು. ಅಲ್ಲ ಅಂದರೆ, ಕಿವಿ ಸರಿ ಇದೆ ಅಂತ ಕೊಟ್ಟದ್ದನ್ನು ಎರಡೇ ಗಂಟೆಯಲ್ಲಿ ಕಿತ್ತುಕೊಂಡ ಹಾಗೆ. ಈ ಏಳು ತಿಂಗಳಲ್ಲಿ ಕಿವಿ ನಿಜವಾಗಿಯೇ ಇಳಿದಿರಬಹುದು, ಇದೇ ಅದು ಅಂದುಕೊಂಡು ನೆಮ್ಮದಿಯಿಂದ ನುಡಿಸಿಕೊಂಡಿರಲಿ ಅಂತ ಮನಸ್ಸು ಹೇಳಿತು. ಕರುಣೆಯ ವೇಷ ಹಾಕಿಕೊಂಡು ಸುಳ್ಳು ಎಷ್ಟು ಬೇಗ ಬಾಗಿಲಿಗೆ ಬರುತ್ತದೆ ನೋಡಿ.

"ಅಲ್ಲ ಮಾವ," ಅಂದೆ. "ಇದಲ್ಲ."

ಅವರ ಮುಖದ ಸಂತೋಷ ತಟ್ಟನೆ ಹೋಯಿತು. ಆದರೆ ಅವರಿಗೆ ಆಘಾತವಾದ ಹಾಗೆ ಕಾಣಲಿಲ್ಲ. ನನ್ನನ್ನು ನೆಟ್ಟಗೆ ನೋಡಿದರು.

"ಗೊತ್ತು, ಇದಲ್ಲ," ಅಂದರು. "ನೀನು ಏನು ಹೇಳ್ತೀಯ ಅಂತ ನೋಡಬೇಕಿತ್ತು."

ಅವರ ಕಿವಿಗೆ ಏನೂ ಆಗಿರಲಿಲ್ಲ. ನಲವತ್ತು ವರ್ಷದಲ್ಲಿ ಮಾವ ನನ್ನ ಮಾತನ್ನು ಪರೀಕ್ಷೆಗೆ ಇಟ್ಟದ್ದು ಅದೇ ಮೊದಲು. ನಾನು ಪಾಸಾಗಿದ್ದೆ, ಆದರೆ ಇನ್ನು ಮುಂದೆ ನನ್ನ ಪ್ರತಿ ಮಾತಿಗೂ ಅವರು ಮೀಟರ್ ಹಚ್ಚಿಯೇ ನೋಡುತ್ತಾರೆ ಅನ್ನುವುದು ಆ ನೋಟದಲ್ಲೇ ತಿಳಿಯಿತು.

"ಎರಡನೇದನ್ನ ಬಲಕ್ಕೆ," ಅಂದರು.

ತಿರುಗಿಸಿದೆ. ಮೂರನೆಯದನ್ನು ಉಗುರಿನಷ್ಟು. ಮೊದಲನೆಯದನ್ನು ಅದರ ಅರ್ಧ. ಮಾವ ಮೇಲಿನ ಸ್ವರ ಒತ್ತಿದರು, ಸ್ವರ ಸಣ್ಣಗೆ ಬಿಚ್ಚಿಕೊಂಡಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಎಂಟು ವರ್ಷದವಳಾಗಿ ಅವರ ತೊಡೆಯ ಮೇಲೆ ಕೂತು ಕೇಳಿದ್ದು ಇದನ್ನೇ. ಮಾವ ಕಣ್ಣು ಮುಚ್ಚಿಕೊಂಡು ಕೀಯನ್ನು ಬಿಡದೆ ಒತ್ತಿ ಹಿಡಿದಿದ್ದರು.

ಅತ್ತೆ ಆಗಲೇ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಮೂಲೆಯ ಅಂಗಡಿಯಿಂದ ತಂದ ಹೊಸ ಉಗುರುಬಣ್ಣದ ಶೀಶೆ ಅವರ ಕೈಯಲ್ಲಿತ್ತು, ಹಳೆಯದಕ್ಕಿಂತ ಸ್ವಲ್ಪ ತಿಳಿಗೆಂಪು.

"ಹೌದು ಮಾವ, ಇದೇ" ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವರು ಕಣ್ಣು ತೆರೆದು ಕೇಳುವುದನ್ನೇ ಕಾಯುತ್ತಿದ್ದೆ. ಅವರು ಕಣ್ಣು ತೆರೆದರು, ಅತ್ತೆಯನ್ನು ಹತ್ತಿರ ಕರೆದು, ಚುಕ್ಕೆ ಇಡಬೇಕಾದ ಮೂರು ಜಾಗಗಳನ್ನು ಬೆರಳಿಟ್ಟು ತೋರಿಸಿದರು.

"ನೀನು ಟಾರ್ಚ್ ಹಿಡಿ," ಅಂದರು ನನಗೆ. ಬೇರೆ ಏನನ್ನೂ ಕೇಳಲಿಲ್ಲ.